ಬಾವಲಿ ಎದ್ದ ಮೇಲೇ ದೀಪ

ಕಾಲು ಒಳಗೆ ಎಳ್ಕೋ, ಹೊದಿಕೆ ಕತ್ತಿನವರೆಗೆ ಹೊದ್ಕೋ, ಇನ್ನು ನೀರು ಬೇಕು ಅಂತ ಎದ್ದೆಯೋ ನಾನು ಕತೆ ಹೇಳಲ್ಲ ನೋಡು. ಹ್ಞಾಂ, ಹಂಗೆ ಬಾ ದಾರಿಗೆ. ಈಗ ಕೇಳು. ನನ್ನಜ್ಜಿಯ ಅಜ್ಜಿ ತೊಟ್ಟಿಲಲ್ಲಿ ಕಾಲು ಬಡೀತಿದ್ದಳಲ್ಲ, ಅದಕ್ಕೂ ಎಷ್ಟೋ ಹಿಂದೆ, ಆಲದಪೇಟೆ ಅಂತ ಒಂದು ಭಾರೀ ಪೇಟೆ ಇತ್ತಂತೆ. ಸುತ್ತ ಕಲ್ಲಿನ ಕೋಟೆ, ಒಳಗೆ ಕಾಲಿಡೋಕೆ ಜಾಗ ಇಲ್ಲದ ಹಾಗೆ ಅಂಗಡಿ, ಬಳೆ ಮಾರೋರು, ಸೀರೆ ನೇಯೋರು, ಗಾಣ ಆಡಿಸೋರು, ಕಂಚಿನ ಪಾತ್ರೆ ಬಡಿಯೋರು, ಎಲ್ಲಾರೂ ಒಬ್ಬರ ಮೈಮೇಲೊಬ್ಬರು ಬಿದ್ದ ಹಾಗೆ ಇದ್ರಂತೆ. ಆ ಪೇಟೆಯ ನಟ್ಟನಡುವೆ, ನಾಲ್ಕು ಬೀದಿ ಬಂದು ಸೇರೋ ಜಾಗದಲ್ಲಿ ಒಂದು ಆಲದ ಮರ, ಆ ಮರದ ತುಂಬಾ ಬಾವಲಿ. ಎಲೆ ಯಾವುದು ಬಾವಲಿ ಯಾವುದು ಅಂತ ಹೇಳೋಕಾಗ್ತಿರಲಿಲ್ಲವಂತೆ. ಹಗಲೆಲ್ಲಾ ತಲೆಕೆಳಗಾಗಿ ನೇತಾಡ್ಕೊಂಡು, ಬಿಸಿಲು ಜೋರಾದ್ರೆ ರೆಕ್ಕೆಯಲ್ಲೇ ಗಾಳಿ ಬೀಸ್ಕೊಂಡು, ನನ್ನ ಕೊಂಬೆಗೆ ನೀನ್ಯಾಕೆ ಬಂದೆ ಅಂತ ಒಂದರ ಮೇಲೊಂದು ಕಿಚಪಿಚ ಜಗಳ ಆಡ್ಕೊಂಡು ಇರ್ತಿದ್ವಂತೆ.

ಏನಂದೆ? ವಾಸನೆ ಬರ್ತಿರಲಿಲ್ವಾ ಅಂತಾನಾ? ಬರ್ತಿತ್ತು, ಯಾಕೆ ಬರಲ್ಲ. ನೀನು ಆಟ ಆಡಿ ಬಂದಾಗ ಬರಲ್ವಾ? ಅಭ್ಯಾಸ ಆಗೋಗಿತ್ತು ಊರೋರಿಗೆ.

ಹೊತ್ತು ಮುಳುಗಿ ಆಕಾಶ ಕೆಂಪಾಯ್ತು ಅಂದ್ರೆ ಸಾಕು, ಆ ಬಾವಲಿಯೆಲ್ಲಾ ಎದ್ದು ಹೊರಡ್ತಿದ್ವಂತೆ, ಹಣ್ಣು ಹುಡುಕ್ಕೊಂಡು, ಇಪ್ಪೆ ಹೂವು ಹುಡುಕ್ಕೊಂಡು. ಆ ಊರಲ್ಲಿ ಒಂದು ಕಟ್ಟಳೆ ಇತ್ತು, ಯಾವ ಕಾಲದ್ದೋ, ಯಾರು ಮಾಡಿದ್ದೋ. ಬಾವಲಿ ಎದ್ದ ಮೇಲೇ ದೀಪ. ಅವು ಏಳೋವರೆಗೆ ಒಂದು ಮನೆಯಲ್ಲೂ ದೀಪ ಹಚ್ಚಂಗಿಲ್ಲ, ದೇವರ ಮುಂದೂ ಹಚ್ಚಂಗಿಲ್ಲ. ಅವು ಎದ್ದವು ಅಂದ್ರೆ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಎತ್ತಬೇಕು. ತಕ್ಕಡಿ ಹಿಡಿದವನು ತಕ್ಕಡಿ ಕೆಳಗಿಡ್ತಿದ್ದ, ಕ್ಷೌರ ಮಾಡೋನು ಅರ್ಧ ಗಡ್ಡ ಹಂಗೇ ಬಿಟ್ಟು ನಿಲ್ತಿದ್ದ, ಆ ಅರ್ಧ ಗಡ್ಡದೋನೂ ನೊರೆ ಸಮೇತ ಬೀದಿಗೆ ಬಂದು ಬಾಯಿ ಬಿಟ್ಕೊಂಡು ನೋಡ್ತಿದ್ದ. ಇನ್ನೊಂದು ಏನಂದ್ರೆ, ಯಾರಾದ್ರೂ ಜಗಳ ಆಡ್ತಿದ್ರೆ ಬಾವಲಿ ಎದ್ದ ಕ್ಷಣ ನಿಲ್ಲಿಸಿಬಿಡಬೇಕು. ಬೇಕಾದ್ರೆ ನಾಳೆ ಬಂದು ಮುಂದುವರಿಸ್ಕೊಳ್ಳಿ. ಆದ್ರೆ ರಾತ್ರಿ ಉಂಡು ಮಲಗಿ ಎದ್ದ ಮೇಲೆ ಯಾತಕ್ಕೆ ಬೈದಾಡ್ತಿದ್ವಿ ಅನ್ನೋದೇ ಮರೆತುಹೋಗಿರೋದಂತೆ. ಎಲ್ಲಾ ನೋಡಿ ಮುಗಿದ ಮೇಲೆ ಮನೆಮನೆಯಲ್ಲೂ ದೀಪ, ಮರದ ಹತ್ತಿರದಿಂದ ಶುರುವಾಗಿ ಕೋಟೆಬಾಗಿಲವರೆಗೂ, ಅಲ್ಲಿಂದ ಗುಡ್ಡದ ಆಚೆ ಇದ್ದ ಅರಮನೆವರೆಗೂ.

ಆ ಅರಮನೆಯಲ್ಲಿ ಒಬ್ಬಳು ಮುದುಕಿ ಇದ್ದಳಂತೆ, ತಿಪ್ಪಕ್ಕ ಅಂತ. ನಗಬೇಡ, ಆ ಕಾಲದಲ್ಲಿ ಒಳ್ಳೇ ಹೆಸರೇ ಅದು. ಅವಳು ಅರಮನೆಯಲ್ಲಿ ಹುಟ್ಟಿದೋಳಲ್ಲ, ಅದೇ ಆಲದ ಮರದ ಎದುರಿಗೆ ಮಂಡಕ್ಕಿ ಭಟ್ಟಿ ಇಟ್ಕೊಂಡಿದ್ದೋರ ಮಗಳು. ದಿನಾ ಸಂಜೆ ಭಟ್ಟಿಯ ಕಟ್ಟೆ ಮೇಲೆ ಕೂತು, ಬಾವಲಿ ಎದ್ದ ಕೂಡಲೇ ಕುಣಿದು ಕುಪ್ಪಳಿಸಿ ಬೀದಿಗೆಲ್ಲಾ ಕೇಳೋ ಹಾಗೆ ಕೂಗ್ತಿದ್ದಳಂತೆ. ಒಂದಿನ ಆ ಸೀಮೆಯ ಪಾಳೇಗಾರ ಬೇಟೆ ಮುಗಿಸ್ಕೊಂಡು ಹಸಿದು ಬಂದವನು ಅವಳ ಕೈಯಿಂದ ಬಿಸಿ ಮಂಡಕ್ಕಿ ತಗೊಂಡು ತಿಂದ, ತಿಂದವನು ಅಲ್ಲಿಂದ ಏಳಲೇ ಇಲ್ಲವಂತೆ, ಮದುವೆ ಆದ್ರೆ ಇವಳನ್ನೇ ಅಂದನಂತೆ. ಆಮೇಲೆ ಓಲಗ ಊದಿಸಿ ಮದುವೆ ಆಯ್ತು, ಮೇನೆಯಲ್ಲಿ ಕೂರಿಸ್ಕೊಂಡು ಗುಡ್ಡದಾಚೆ ಕರ್ಕೊಂಡು ಹೋದರು. ಎಲ್ಲಾ ಸರಿ, ಆದ್ರೆ ಅರಮನೆಗೆ ಅದರದ್ದೇ ಒಂದು ಕಟ್ಟಳೆ. ದೀಪ ಹಚ್ಚಿದ ಮೇಲೆ ಹೆಂಗಸರು ಹೊಸ್ತಿಲು ದಾಟಂಗಿಲ್ಲ. ಸಂಜೆ ಆಗ್ತಿದ್ದ ಹಾಗೇ ಬಾಗಿಲು ಹಾಕಿಬಿಡೋರು. ಗುಡ್ಡ ಅಡ್ಡ ಇದ್ದಿದ್ದರಿಂದ ಉಪ್ಪರಿಗೆ ಹತ್ತಿದ್ರೂ ಮರ ಕಾಣ್ತಿರಲಿಲ್ಲ. ಹಂಗಾಗಿ ಮದುವೆ ಆದ ದಿನದಿಂದ ಮುದುಕಿ ಆಗೋವರೆಗೆ ತಿಪ್ಪಕ್ಕ ಬಾವಲಿ ಏಳೋದನ್ನ ಒಂದು ಸಲವೂ ನೋಡಲಿಲ್ಲವಂತೆ. ಪಾಪ ಅಲ್ವಾ? ನನಗಂತೂ ಹೊಟ್ಟೆ ಉರಿಯುತ್ತೆ.

ಗಂಡ ಹೋದ. ಮೂರು ಜನ ಗಂಡುಮಕ್ಕಳು ದೊಡ್ಡೋರಾದರು. ಹಿರಿಯವನು ಬೊಮ್ಮಣ್ಣ, ಅಪ್ಪನ ಪಟ್ಟ ಅವನಿಗೆ ಬಂತು, ಅವನು ಕೆಮ್ಮಿದ್ರೂ ಕಹಳೆ ಊದಬೇಕು, ಅಷ್ಟು ಡೌಲು. ನಡುವಿನವನು ಗಾದ್ರಪ್ಪ, ತುಪಾಕಿ ಪಡೆಯ ದಂಡನಾಯಕ, ಮೂಗಿನ ತುದಿಯಲ್ಲೇ ಸಿಟ್ಟು. ಕಿರಿಯವನು ಪಾಪಣ್ಣ, ತಾನೊಬ್ಬನೇ ಬುದ್ಧಿವಂತ ಅಂದ್ಕೊಂಡೋನು. ಆದ್ರೆ ಮೂರೂ ಜನಕ್ಕೂ ಅವ್ವ ಅಂದ್ರೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ.

ಆಮೇಲೆ ಏನಾಯ್ತು, ತಿಪ್ಪಕ್ಕನ ಕಣ್ಣಿಗೆ ಪೊರೆ ಬಂತು. ಮೊದಲು ಸೂಜಿಯ ಕಣ್ಣು ಕಾಣಲಿಲ್ಲ, ಆಮೇಲೆ ಅಕ್ಕಿಯಲ್ಲಿ ಕಲ್ಲು ಕಾಣಲಿಲ್ಲ, ಆಮೇಲೆ ಬಂದೋರ ಮುಖ ಕಾಣಲಿಲ್ಲ, ಸದ್ದಿನ ಮೇಲೆ ಇವನು ಬೊಮ್ಮಣ್ಣ ಇವನು ಪಾಪಣ್ಣ ಅಂತಿದ್ದಳಂತೆ. ಪಂಡಿತರು ಬಂದು ಕಣ್ಣು ಬಿಡಿಸಿ ನೋಡಿ, ಬರೋ ಅಮಾವಾಸ್ಯೆ ಹೊತ್ತಿಗೆ ಪೂರ್ತಿ ಮುಚ್ಚಿಹೋಗುತ್ತೆ ತಾಯಿ, ನೋಡೋದಿದ್ರೆ ನೋಡ್ಕೊಂಡುಬಿಡಿ ಅಂದರಂತೆ. ಮಕ್ಕಳು ಮೂರೂ ಜನ ಕಾಲ ಹತ್ತಿರ ಕೂತು, ಯವ್ವಾ, ಏನು ನೋಡ್ಬೇಕು ಹೇಳು, ಕಾಶಿಗೆ ಕರ್ಕೊಂಡು ಹೋಗೋಣ್ವಾ, ಸಮುದ್ರ ತೋರಿಸೋಣ್ವಾ ಅಂದರು. ತಿಪ್ಪಕ್ಕ ಅಂದಳಂತೆ, ಕಾಶಿ ಇರಲಿ ಸಮುದ್ರ ಇರಲಿ, ನನಗೆ ನನ್ನ ತವರಿನ ಎದುರಿಗೆ ಬಾವಲಿ ಏಳೋದು ನೋಡ್ಬೇಕು ಕಣ್ರೋ, ಮರದಡಿ ನಿಂತ್ಕೊಂಡು, ಒಂದೇ ಒಂದು ಸಲ.

ಇಷ್ಟೇನಾ ಅಂದರು ಮಕ್ಕಳು. ಇಷ್ಟೇನಾ ಅಂದ ಕಡೆಯೇ ನೋಡು ಎಡವಟ್ಟಾಗೋದು.

ಮೊದಲು ಬೊಮ್ಮಣ್ಣ ಎದ್ದ, ನಾನು ಹಿರಿಯವನು, ನಾನು ತೋರಿಸ್ತೀನಿ ಅಂದ. ಮುಚ್ಚಿದ ಮೇನೆ ಮಾಡಿಸಿದ, ಸುತ್ತ ರೇಷ್ಮೆ ಪರದೆ, ಪರದೆ ಒಳಗೆ ಕೂತರೆ ಅರಮನೆ ಒಳಗೇ ಇದ್ದ ಹಾಗೆ, ಕಟ್ಟಳೆ ಮುರಿದ ಹಾಗಾಗಲ್ಲ ಅಂದ, ನೋಡೋಕೆ ಪರದೆಯಲ್ಲಿ ಒಂದು ತೂತು ಬೇರೆ. ಆಮೇಲೆ ಅವನಿಗೆ ಅನ್ನಿಸ್ತು, ಪಾಳೇಗಾರನ ತಾಯಿ ಬರೋವಾಗ ಪೇಟೆ ಕತ್ತಲಲ್ಲಿ ಇರೋದಾ, ಮರ್ಯಾದೆ ಏನಾಗ್ಬೇಕು. ಅದಕ್ಕೆ ಹೊತ್ತು ಮುಳುಗೋ ಮುಂಚೇನೇ ಪೇಟೆ ತುಂಬಾ ಪಂಜು ಹಚ್ಚಿಸಿದ, ಮರದ ಬುಡದ ಸುತ್ತ ಪಂಜು, ಕೊಂಬೆಕೊಂಬೆಗೆ ಹಣತೆ ಕಟ್ಟಿಸಿದ, ನಗಾರಿ, ಕಹಳೆ, ತಮಟೆ, ಎಲ್ಲಾ ತರಿಸಿದ. ಪೇಟೆಯವರು ಬುದ್ಧೀ, ಬಾವಲಿ ಏಳದೆ ನಮ್ಮೂರಲ್ಲಿ ದೀಪ ಹಚ್ಚಂಗಿಲ್ಲವಲ್ಲ ಅಂತ ತಲೆ ಕೆರ್ಕೊಂಡರು, ಇವನು ಕೇಳಿದ್ರೆ ತಾನೇ. ಡಮಡಮಡಮ ಅಂತ ಮೇನೆ ಬಂತು. ಆಕಾಶ ಕೆಂಪಾಯ್ತು, ನೀಲಿ ಆಯ್ತು, ಕಪ್ಪಾಯ್ತು, ಒಂದು ಬಾವಲಿ ಅಲ್ಲಾಡಲಿಲ್ಲ! ಆ ಬೆಳಕಿಗೆ ಆ ಗದ್ದಲಕ್ಕೆ ಹೆದರ್ಕೊಂಡು ರೆಕ್ಕೆ ಒಳಗೆ ಮುಖ ಹುದುಗಿಸ್ಕೊಂಡು ಕೂತುಬಿಟ್ಟವು. ತೂತಿಗೆ ಕಣ್ಣಿಟ್ಟು ಇಟ್ಟು ತಿಪ್ಪಕ್ಕನ ಕತ್ತು ಹಿಡ್ಕೊಂಡಿತು, ಕಂಡಿದ್ದು ಪಂಜಿನ ಹೊಗೆ ಮಾತ್ರ. ಬಾವಲಿಗಳೂ ಉಪವಾಸ, ಅವಳೂ ಉಪವಾಸ ಅರಮನೆಗೆ ಬಂದಳಂತೆ.

ಆಮೇಲೆ ಗಾದ್ರಪ್ಪನಿಗೆ ಸಿಟ್ಟು ಬಂತು. ನಮ್ಮವ್ವ ಬಂದ್ರೂ ಏಳಲ್ವಾ ಇವು, ಏಳಿಸ್ತೀನಿ ನೋಡ್ತಿರಿ ಅಂದ. ಮಾರನೇ ದಿನ ತುಪಾಕಿ ಪಡೆ ತಂದು ಮರದ ಸುತ್ತ ನಿಲ್ಲಿಸಿದ, ಅವ್ವನ ಮೇನೆ ಇನ್ನೂ ಗುಡ್ಡ ಇಳೀತಿತ್ತು, ಅಷ್ಟರೊಳಗೆ ಒಂದು ಸಲ ಪರೀಕ್ಷೆ ಮಾಡಿಬಿಡೋಣ ಅಂತ ಕೈ ಎತ್ತಿದ, ಢಂ! ಢಂ! ಢಂ! ಅಯ್ಯಯ್ಯೋ ಕೂಸೇ, ಮರಕ್ಕೆ ಮರವೇ ಎದ್ದ ಹಾಗೆ ಎದ್ದವಂತೆ. ಹಾಡುಹಗಲಲ್ಲಿ, ಕಣ್ಣಿಗೆ ಬಿಸಿಲು ಹೊಡೀತಾ, ಒಂದಕ್ಕೊಂದು ಡಿಕ್ಕಿ ಹೊಡ್ಕೊಂಡು, ಕಿರಿಚ್ಕೊಂಡು, ಕೋಟೆ ದಾಟಿ, ಕೆರೆ ದಾಟಿ, ದೂರದ ಇಪ್ಪೆ ತೋಪಿನ ಕಡೆ ಹೋಗಿಬಿಟ್ಟವು. ಮೇನೆ ಬರೋ ಹೊತ್ತಿಗೆ ಮರ ಬರೀ ಮರ. ತಿಪ್ಪಕ್ಕ ಪರದೆ ಒಳಗಿಂದಲೇ ಕೇಳಿದಳಂತೆ, ಗಾದ್ರಾ, ಯಾಕೋ ಇಷ್ಟು ಸುಮ್ಮನಿದೆ? ಅವನು ಮೇನೆಯನ್ನ ವಾಪಸ್ ತಿರುಗಿಸಿದ. ಮರುದಿನವೂ ಬರಲಿಲ್ಲ ಬಾವಲಿ, ಅದರ ಮರುದಿನವೂ ಬರಲಿಲ್ಲ.

ಈಗ ಪೇಟೆಯ ಪಾಡು ಕೇಳು. ಬಾವಲಿ ಎದ್ದ ಮೇಲೇ ದೀಪ ತಾನೇ? ಬಾವಲಿಯೇ ಇಲ್ಲ, ಏಳೋದು ಎಲ್ಲಿಂದ? ಬೊಮ್ಮಣ್ಣ ಒಂದು ಸಂಜೆ ಮೊದಲೇ ಹಚ್ಚಿಸಿದ್ದಕ್ಕೇ ಇಷ್ಟೆಲ್ಲಾ ಆಯ್ತು, ಇನ್ನು ನಾವು ಹಚ್ಚಿದ್ರೆ ಮರವೂ ಎದ್ದು ಹೋಗುತ್ತೆ ಅಂತ ಹೆದರ್ಕೊಂಡು ಊರಿಗೆ ಊರೇ ಕತ್ತಲಲ್ಲಿ ಕೂತಿತಂತೆ! ಕತ್ತಲಲ್ಲಿ ಸಾರಿಗೆ ಉಪ್ಪು ಅಂತ ಸಕ್ಕರೆ ಹಾಕಿದರು, ಇವರ ಎಮ್ಮೆ ಅವರ ಕೊಟ್ಟಿಗೆಗೆ ಕಟ್ಟಿದರು, ಒಬ್ಬ ಅಳಿಯ ಮಾವನ ಮನೆ ಅಂತ ಪಕ್ಕದ ಮನೆಗೆ ನುಗ್ಗಿ ಊಟಕ್ಕೆ ಕೂತೇಬಿಟ್ಟಿದ್ದನಂತೆ. ಅವರೂ ಯಾರೋ ನಮ್ಮೋನೇ ಅಂತ ಬಡಿಸಿದರಂತೆ. ಅದು ಸಾಲದು ಅಂತ ಜಗಳ ಬೇರೆ. ಬಾವಲಿ ಏಳದೆ ಜಗಳ ನಿಲ್ಲಿಸಂಗಿಲ್ಲವಲ್ಲ, ಬೆಳಿಗ್ಗೆ ಶುರುವಾದ ಜಗಳ ಸಂಜೆ ಆದ್ರೂ ಮುಗೀದೆ, ಗಂಟಲು ಕಟ್ಟಿದ್ರೂ ಬಿಡೋಕಾಗದೆ, ಸಾಕಾಯ್ತು ಮಾರಾಯ ನೀನೇ ನಿಲ್ಲಿಸು, ಇಲ್ಲ ನೀನೇ ನಿಲ್ಲಿಸು ಅಂತ ಅದಕ್ಕೇ ಇನ್ನೊಂದು ಜಗಳ.

ನಗು ನಗು, ನಿಧಾನಕ್ಕೆ ನಗು, ನಿಮ್ಮಪ್ಪ ಎದ್ದು ಬಂದಾನು.

ಅಷ್ಟರಲ್ಲಿ ಕಿರಿಯವನು ಪಾಪಣ್ಣ ಒಂದು ಉಪಾಯ ಮಾಡಿದ. ಅಣ್ಣಂದಿರಿಗೆ ತಲೆ ಇಲ್ಲ, ಅವ್ವ ಬಾವಲಿ ಹತ್ತಿರ ಹೋಗೋದ್ಯಾಕೆ, ಬಾವಲಿಯನ್ನೇ ಅವ್ವನ ಹತ್ತಿರ ತಂದ್ರಾಯ್ತು ಅಂತ ಬಲೆ ತಗೊಂಡು ಇಪ್ಪೆ ತೋಪಿಗೆ ಹೋದ. ಒಂದು ಬಾವಲಿ ಹಿಡಿದ, ಬೆಳ್ಳಿ ಪಂಜರದಲ್ಲಿ ಹಾಕಿ, ಜರಿ ಬಟ್ಟೆ ಮುಚ್ಚಿ, ಅವ್ವನ ಮಂಚದ ಮುಂದೆ ತಂದಿಟ್ಟು ಬಟ್ಟೆ ಸರಕ್ಕನೆ ಎಳೆದ. ನೋಡ್ಕೋ ಯವ್ವಾ, ಹತ್ತಿರದಿಂದ ನೋಡ್ಕೋ, ಸಾವಿರ ಯಾಕೆ ಬೇಕು, ಎಲ್ಲಾ ಒಂದೇ ಥರ ತಾನೇ ಇರೋದು ಅಂದ.

ತಿಪ್ಪಕ್ಕ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಳು. ಪಂಜರದ ಮೇಲಿನ ಕಂಬಿಗೆ ನೇತುಬಿದ್ದಿತ್ತು, ಗಡಗಡ ನಡುಗ್ತಿತ್ತು, ನಾಯಿಮರಿ ಥರ ಮುಖ. ಇವಳು ಮೂಗು ಕಂಬಿಗೆ ತಾಗೋವಷ್ಟು ಹತ್ತಿರ ಹೋದಳು, ಅದು ರೆಕ್ಕೆಯನ್ನ ಇನ್ನೂ ಬಿಗಿಯಾಗಿ ಸುತ್ಕೊಂಡಿತು. ಆ ರೆಕ್ಕೆ ಸಂದಿಯಿಂದ ಪುಟ್ಟದೊಂದು ಮುಖ ಇಣುಕಿತು. ಮರಿ! ಎದೆಗೆ ಕಚ್ಕೊಂಡು ಕೂತಿದೆ, ಬಲೆಗೆ ಬಿದ್ದಾಗಲೂ ಅವ್ವನ್ನ ಬಿಟ್ಟಿಲ್ಲ. ತಿಪ್ಪಕ್ಕ ಜರಿ ಬಟ್ಟೆಯನ್ನ ಮತ್ತೆ ಪಂಜರದ ಮೇಲೆ ಮುಚ್ಚಿದಳು. ಆಮೇಲೆ ಬಂತು ನೋಡು ಸಿಟ್ಟು! ಅರಮನೆ ಕಂಬ ಅಲ್ಲಾಡೋ ಹಾಗೆ ಕೂಗಿದಳಂತೆ, ಬರ್ರೋ ಇಲ್ಲಿ ಮೂರೂ ಜನ! ದಂಡು ಆಳೋ ಗಂಡಸರು ಮೂರೂ ಜನ ಚಿಕ್ಕ ಹುಡುಗರ ಹಾಗೆ ಬಂದು ಸಾಲಾಗಿ ನಿಂತರು.

ನಾನು ಕೇಳಿದ್ದು ಏನು, ನೀವು ಮಾಡಿದ್ದು ಏನು? ಬಾವಲಿ ಏಳೋದು ನೋಡ್ಬೇಕು ಅಂದೆ. ಏಳಿಸಿ ಅಂದ್ನಾ? ಹಿಡ್ಕೊಂಡು ಬನ್ನಿ ಅಂದ್ನಾ? ಅವುಗಳ ಪಾಡಿಗೆ ಅವು ಏಳ್ಬೇಕು, ನಮ್ಮ ಪಾಡಿಗೆ ನಾವು ನೋಡ್ಬೇಕು, ಅದಕ್ಕೆ ನಿಮ್ಮ ನಗಾರಿ ಯಾಕೆ, ತುಪಾಕಿ ಯಾಕೆ, ಪಂಜರ ಯಾಕೆ? ಅಮಾವಾಸ್ಯೆ ಬಂತು ಕಣ್ರೋ, ನನ್ನ ಕಣ್ಣು ಮುಚ್ತಾ ಇದೆ ಅಂತ ಅಂದವಳೇ ಗಳಗಳ ಅತ್ತುಬಿಟ್ಟಳಂತೆ. ಮಕ್ಕಳೂ ಅತ್ತರು. ಬೊಮ್ಮಣ್ಣ ಅತ್ತಾಗ ಪಕ್ಕದಲ್ಲಿದ್ದೋನು ಅಭ್ಯಾಸಬಲಕ್ಕೆ ಕಹಳೆ ಎತ್ತಿದನಂತೆ, ತಿಪ್ಪಕ್ಕ ಒಂದು ನೋಟ ನೋಡಿದಳು, ಅವನು ಕಹಳೆ ಬೆನ್ನ ಹಿಂದೆ ಬಚ್ಚಿಟ್ಟ.

ಆಮೇಲೆ ಸೆರಗಲ್ಲಿ ಮೂಗು ಒರೆಸ್ಕೊಂಡು ಮೂವರಿಗೂ ಒಂದೊಂದು ಕೆಲಸ ಹೇಳಿದಳು. ಬೊಮ್ಮಣ್ಣಾ, ನೀನು ಮರಕ್ಕೆ ಕಟ್ಟಿಸಿದ ಹಣತೆ, ನೆಟ್ಟ ಪಂಜು, ಎಲ್ಲಾ ನೀನೇ ಕೈಯಾರೆ ಬಿಚ್ಚು, ಆಳು ಬೇಡ, ಛತ್ರಿ ಬೇಡ, ಕಹಳೆ ಬೇಡ. ಗಾದ್ರಪ್ಪಾ, ನೀನು ಕಾಲಲ್ಲಿ ಮೆಟ್ಟು ಹಾಕದೆ ಮನೆಮನೆಗೂ ಹೋಗು, ಸಂಜೆ ಹೊತ್ತು ಯಾರೂ ಸದ್ದು ಮಾಡಬೇಡ್ರಪ್ಪಾ, ತಪ್ಪು ನನ್ನದು ಅಂತ ಮೆತ್ತಗೆ ಹೇಳಿ ಬಾ. ಪಾಪಣ್ಣಾ, ನೀನು ಈ ಬಾಣಂತಿಯನ್ನ ಅವಳ ಮನೆಗೆ ಬಿಟ್ಟು ಬಾ, ಇಪ್ಪೆ ತೋಪಿಗಲ್ಲ, ನಮ್ಮ ಆಲದ ಮರಕ್ಕೆ.

ಮೆತ್ತಗೆ ಮಾತಾಡೋದು ಗಾದ್ರಪ್ಪನಿಗೆ ಗೊತ್ತೇ ಇರಲಿಲ್ಲ. ಮೊದಲನೇ ಮನೆ ಮುಂದೆ ನಿಂತು ಸದ್ದು ಮಾಡಬೇಡೀ ಅಂತ ಗುಡುಗಿದ, ತೊಟ್ಟಿಲಲ್ಲಿದ್ದ ಮಗು ಎದ್ದು ಕೂತು ಅಳೋಕೆ ಶುರು ಮಾಡಿತು. ಆ ಮನೆಯಾಕೆ ಸೊಂಟಕ್ಕೆ ಕೈಯಿಟ್ಟು, ದಂಡನಾಯಕರೇ, ಈಗ ನೀವೇ ಮಲಗಿಸಿ ಹೋಗಿ ಅಂದಳಂತೆ. ಇವನು ತೊಟ್ಟಿಲು ತೂಗಿ ತೂಗಿ, ಅದು ಮಲಗೋ ಹೊತ್ತಿಗೆ ಪಿಸುಮಾತು ಕಲಿತುಬಿಟ್ಟಿದ್ದ. ಅಲ್ಲಿಂದ ಮುಂದೆ ಎಲ್ಲಾ ಮನೆಗೂ ಪಿಸುಗುಟ್ಕೊಂಡೇ ಹೋದ. ಬೊಮ್ಮಣ್ಣ ಏಣಿ ಹತ್ತಿ ಹಣತೆ ಬಿಚ್ಚಿದ, ಕೈಗೆಲ್ಲಾ ಎಣ್ಣೆ, ಮೈಗೆಲ್ಲಾ ಮಸಿ, ದಾರಿಯಲ್ಲಿ ಹೋಗೋನೊಬ್ಬ ಗುರುತು ಸಿಗದೆ, ಏ ತಮ್ಮಾ, ಆ ಬದಿ ಒಂದು ಉಳಿದಿದೆ ನೋಡು ಅಂದ, ಪಾಳೇಗಾರ ಹೂಂ ಅಣ್ಣಾ ಅಂತ ಆ ಬದಿಗೂ ಹತ್ತಿದ. ಪಾಪಣ್ಣ ಪಂಜರ ತಗೊಂಡು ಎಲ್ಲಕ್ಕಿಂತ ಎತ್ತರದ ಕೊಂಬೆಗೆ ಏರಿ ಬಾಗಿಲು ತೆಗೆದ. ತಾಯಿ ಬಾವಲಿ ಮೆಲ್ಲಗೆ ಹೊರಗೆ ಬಂದು, ಕೊಂಬೆ ಹಿಡ್ಕೊಂಡು, ಮರಿಯನ್ನ ನೆಕ್ಕಿ ನೆಕ್ಕಿ ಸಮಾಧಾನ ಮಾಡಿತು. ಇವನು ಮರದ ಮೇಲೆ ಕೂತೇ ಅದನ್ನ ನೋಡಿದ. ಎಲ್ಲಾ ಒಂದೇ ಥರ ಅಂದಿದ್ದೆನಲ್ಲ ಅಂತ ಅವನಿಗೆ ನಾಚಿಕೆ ಆಯ್ತಂತೆ.

ಆವತ್ತು ರಾತ್ರಿ ಆಲದ ಹಣ್ಣು ತಿನ್ನೋಕೆ ಒಂದೆರಡು ಬಾವಲಿ ಬಂದವು. ಮರ ಕತ್ತಲು, ಪೇಟೆ ಸುಮ್ಮನೆ, ಕೊಂಬೆಯಲ್ಲಿ ತಾಯಿ ಮಗು ನಿಶ್ಚಿಂತೆಯಾಗಿ ನೇತಾಡ್ತಿವೆ. ಹೋಗಿ ಉಳಿದೋರಿಗೆ ಏನು ಹೇಳಿದವೋ, ಏನು ಕೇಳಿದವೋ, ಅವುಗಳ ಭಾಷೆ ನಮಗೇನು ಗೊತ್ತು. ಮಾರನೇ ಬೆಳಿಗ್ಗೆ ಇನ್ನಷ್ಟು ಬಂದು ಕೊಂಬೆ ಹಿಡಿದಿದ್ದವು. ಅದರ ಮಾರನೇ ಬೆಳಿಗ್ಗೆ ಬೀದಿ ಗುಡಿಸೋಳು ತಲೆ ಎತ್ತಿ ನೋಡಿದವಳು ಪೊರಕೆ ಎಸೆದು ಓಡಿದಳು, ಓಡ್ತಾ ಓಡ್ತಾ ಬಾಯಿಗೆ ಕೈ ಅಡ್ಡ ಇಟ್ಕೊಂಡು ಪಿಸುಮಾತಲ್ಲೇ ಕೂಗಿದಳಂತೆ, ಬಂದ್ವು! ಮರ ತುಂಬಿದೆ! ಎಲ್ಲಾ ಬಂದ್ವು! ಊರೆಲ್ಲಾ ತುದಿಗಾಲಲ್ಲಿ ನಡ್ಕೊಂಡು ಬಂದು ನೋಡಿತು. ಹೌದು, ಕಿಚಪಿಚ ಕಿಚಪಿಚ, ನನ್ನ ಕೊಂಬೆಗೆ ನೀನ್ಯಾಕೆ ಬಂದೆ. ಅಮಾವಾಸ್ಯೆಗೆ ಒಂದೇ ದಿನ ಬಾಕಿ.

ಆ ಸಂಜೆ ತಿಪ್ಪಕ್ಕ ಸೀರೆ ಉಟ್ಟು ಹೊರಟು ನಿಂತಳು. ಬಾಗಿಲಲ್ಲಿ ಬೊಮ್ಮಣ್ಣ, ಯವ್ವಾ, ಮೇನೆ ತರಿಸ್ತೀನಿ ಅಂದ. ಬೇಡ ಅಂದಳು. ಪರದೆ ಇಲ್ಲದೆ ಹೆಂಗವ್ವಾ, ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟಂಗಿಲ್ಲ ಅಂತ ಅಜ್ಜನ ಕಾಲದ ಕಟ್ಟಳೆ ಅಂದ. ತಿಪ್ಪಕ್ಕ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತ್ಕೊಂಡಳು. ದೀಪ ಹಚ್ಚಿದ್ದೀಯೇನೋ? ಇಲ್ಲವ್ವಾ. ಯಾಕೆ ಹಚ್ಚಿಲ್ಲ? ಬಾವಲಿ ಎದ್ದಿಲ್ಲವಲ್ಲವ್ವಾ. ಅಂದ್ಮೇಲೆ ಬಾವಲಿ ಏಳೋವರೆಗೆ ನನ್ನನ್ನ ತಡೆಯೋನು ಯಾವನೋ! ಬೊಮ್ಮಣ್ಣ ಬಾಗಿಲಿಂದ ಪಕ್ಕಕ್ಕೆ ಸರಿದ. ಇಷ್ಟು ವರ್ಷ ಅದು ಯಾರಿಗೂ ಹೊಳೆದಿರಲಿಲ್ಲ, ತಿಪ್ಪಕ್ಕನಿಗೂ ಹೊಳೆದಿರಲಿಲ್ಲ ನೋಡು. ಬಾಗಿಲು ಹಾಕ್ತಾರೆ, ನಾವು ಒಳಗಿರ್ತೀವಿ, ಅಷ್ಟೇ, ಯಾಕೆ ಅಂತ ಯಾರು ಕೇಳ್ತಾರೆ. ದಾಟೇಬಿಟ್ಟಳು! ಮೂರೂ ಮಕ್ಕಳು ಬರಿಗಾಲಲ್ಲಿ ಹಿಂದೆ ಓಡಿಬಂದರು.

ಗುಡ್ಡ ಇಳಿದು, ಕೋಟೆಬಾಗಿಲು ಹಾದು, ಪೇಟೆಗೆ ಬಂದಳು. ಯಾರೂ ಉಘೇ ಅನ್ನಲಿಲ್ಲ, ಎಲ್ಲಾರೂ ಸುಮ್ಮನೆ ದಾರಿ ಬಿಟ್ಟರು. ತವರಿನ ಭಟ್ಟಿ ಮುಂದಿನ ಕಟ್ಟೆ ಸವರಿ ಸವರಿ ಗುರುತು ಹಿಡಿದು ಕೂತಳು. ಅವಳ ತಮ್ಮನ ಮಗಳು ಭಟ್ಟಿಯ ಬೆಂಕಿ ಆರಿಸಿ ಪಕ್ಕ ಬಂದು ಕೂತಳು, ಮಕ್ಕಳು ಕೆಳಗೆ ನೆಲದ ಮೇಲೆ ಕೂತರು. ಹೊತ್ತು ಮುಳುಗಿತು. ಆಕಾಶ ಕೆಂಪಾಯ್ತು. ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿದೆ, ಎಲ್ಲೂ ಒಂದು ಕಿಡಿ ಇಲ್ಲ. ಮರದಲ್ಲಿ ಕಿಚಪಿಚ ನಿಂತುಹೋಯ್ತು. ತಿಪ್ಪಕ್ಕನ ಕಣ್ಣಿಗೆ ಕೆಂಪು ಆಕಾಶ ಬಿಟ್ರೆ ಏನೂ ಕಾಣ್ತಿಲ್ಲ, ಅಯ್ಯೋ ದೇವರೇ, ಅವು ಎದ್ರೂ ನನಗೆ ಕಾಣದೇ ಹೋದ್ರೆ ಅಂತ ಸೆರಗಿನ ತುದಿ ಹಿಂಡ್ತಿದ್ದಾಳೆ.

ಅದೋ! ಒಂದು ಕೈಬಿಟ್ಟಿತು. ಕೊಂಬೆ ಬಿಟ್ಟು ಕೆಳಗೆ ಬಿತ್ತು, ಬಿದ್ದೇಹೋಯ್ತು ಅನ್ನೋಷ್ಟರಲ್ಲಿ ರೆಕ್ಕೆ ಬಿಚ್ಚಿತು, ಫಟ್ ಅಂತ, ಒದ್ದೆ ಪಂಚೆ ಒದರಿದ ಹಾಗೆ! ಆಮೇಲೆ ಇನ್ನೊಂದು, ಆಮೇಲೆ ಆ ಕೊಂಬೆಯಿಂದ, ಈ ಕೊಂಬೆಯಿಂದ, ಫಟಫಟಫಟಫಟ, ಅಯ್ಯೋ ಎಷ್ಟು ಅಂತ ಹೇಳಲಿ ಕೂಸೇ! ಮರದ ಮೇಲೆ ಒಂದು ಸುತ್ತು ಹೊಡೆದವು, ಸುತ್ತು ದೊಡ್ಡದಾಯ್ತು, ಇನ್ನೂ ದೊಡ್ಡದಾಯ್ತು, ಅಂಗಡಿ ಸಾಲಿನ ಮೇಲೆ ಬಂತು, ಕೆಳಗೆ ನಿಂತೋರ ತಲೆಗೂದಲು ಹಾರೋ ಹಾಗೆ ಗಾಳಿ ಎದ್ದಿತು. ಆ ಕೆಂಪು ಆಕಾಶದ ಮೇಲೆ ಕರ್ರಗೆ, ಮೊಳಮೊಳ ಉದ್ದದ ರೆಕ್ಕೆ, ಒಂದರ ಹಿಂದೆ ಒಂದು, ನದಿ ಹರಿದ ಹಾಗೆ ಹರಿದವು. ಸೂಜಿ ಕಾಣದ ಕಣ್ಣು, ಮುಖ ಕಾಣದ ಕಣ್ಣು, ಆ ಕಣ್ಣಿಗೆ ಕಂಡವು! ಕಂಡವು ಕಂಡವು ಅಂತ ತಿಪ್ಪಕ್ಕ ಕಟ್ಟೆ ಮೇಲೆ ಎದ್ದು ನಿಂತಳು, ಎರಡೂ ಕೈ ಮೇಲೆತ್ತಿ, ಚಿಕ್ಕ ಹುಡುಗಿ ಕೂಗ್ತಿದ್ದ ಹಾಗೇ ಕೂಗಿದಳು, ಎದ್ವೂ! ಎದ್ವೂ ಕಣ್ರೋ! ಬಿದ್ದೀಯೆ ಯವ್ವಾ ಅಂತ ಗಾದ್ರಪ್ಪ ಕಾಲು ಹಿಡ್ಕೊಂಡ, ಅವನೂ ಮೇಲೆ ನೋಡ್ತಿದ್ದ, ನೋಡ್ತಾ ನೋಡ್ತಾ ಅವನೂ ಕೂಗಿದ. ಮರಿ ಕಚ್ಕೊಂಡಿದ್ದ ತಾಯಿಯೊಂದು ತಲೆ ಮೇಲೇ ಹಾದುಹೋಯ್ತು, ನಮ್ಮ ಬಾಣಂತಿ, ನಮ್ಮ ಬಾಣಂತಿ ಅಂತ ಪಾಪಣ್ಣ ಕುಣಿದ. ಬೊಮ್ಮಣ್ಣ ಹುಟ್ಟಿದಾಗಿನಿಂದ ಅದೇ ಸೀಮೆಯಲ್ಲಿದ್ರೂ ತಲೆ ಎತ್ತಿ ನೋಡಿದ್ದು ಅದೇ ಮೊದಲಂತೆ, ಬಾಯಿ ತೆರೆದೋನು ಮುಚ್ಚಲೇ ಇಲ್ಲ. ಹೋಗ್ತಾನೇ ಇದ್ದವು, ಹೋಗ್ತಾನೇ ಇದ್ದವು, ಮುಗೀತು ಅಂದ್ರೆ ಇನ್ನೊಂದು ಹಿಂಡು, ಕೆರೆ ಮೇಲೆ ಇಳಿದು ನೀರಿಗೆ ಹೊಟ್ಟೆ ತಾಗಿಸಿ, ಚಿಮ್ಮಿ, ಮತ್ತೆ ಏರಿ, ಇಪ್ಪೆ ತೋಪಿನ ಕಡೆ, ಬೆಳಕು ಇರೋವರೆಗೂ.

ಕಡೆಯದೂ ಹೋಯ್ತು. ಕತ್ತಲಾಯ್ತು. ಆದ್ರೂ ಯಾರೂ ಅಲ್ಲಾಡಲಿಲ್ಲ, ದೀಪ ಹಚ್ಚೋದೇ ಮರೆತುಹೋಗಿತ್ತು ಊರಿಗೆ. ಕಟ್ಟೆ ಮೇಲಿಂದ ತಿಪ್ಪಕ್ಕನೇ ಅಂದಳಂತೆ, ಸಾಕು ಹಚ್ರಪ್ಪಾ ದೀಪ, ಎಷ್ಟು ದಿನ ಆಯ್ತು.

ಎಲ್ಲಾ ಹಚ್ಚಿದ ಮೇಲೆ ಬೊಮ್ಮಣ್ಣ, ನಡಿ ಯವ್ವಾ ಅರಮನೆಗೆ ಅಂದ. ಅದು ಹೆಂಗೋ ಬರಲಿ, ದೀಪ ಹಚ್ಚಿಯಾಯ್ತಲ್ಲ, ಇನ್ನು ಹೊಸ್ತಿಲು ದಾಟಂಗಿಲ್ಲ, ಆಚೆಗೂ ಇಲ್ಲ ಈಚೆಗೂ ಇಲ್ಲ ಅಂದಳು ತಿಪ್ಪಕ್ಕ. ಆ ರಾತ್ರಿ ತವರಿನಲ್ಲೇ ಮಲಗಿದಳು. ಮೂರು ಮಕ್ಕಳೂ ಮಂಡಕ್ಕಿ ಚೀಲದ ಮೇಲೇ ಮಲಗಿದರಂತೆ, ರಾತ್ರಿಯೆಲ್ಲಾ ಕುರುಂ ಕುರುಂ ಅಂತ ಒಂದೇ ಸದ್ದು. ಬೆಳಿಗ್ಗೆ ಎದ್ದು ಬೊಮ್ಮಣ್ಣ ಆ ಕಟ್ಟಳೆಯನ್ನೇ ತೆಗೆದುಹಾಕಿದ. ಅರಮನೆ ಹೆಂಗಸರೆಲ್ಲಾ ಅವತ್ತಿನಿಂದ ಪೇಟೆಯ ಸಂಜೆ ನೋಡಿದರು.

ಅಮಾವಾಸ್ಯೆ ಬಂತು. ಪಂಡಿತರು ಹೇಳಿದ ಹಾಗೇ ತಿಪ್ಪಕ್ಕನ ಕಣ್ಣು ಮುಚ್ಚಿಹೋಯ್ತು. ಇನ್ನು ಅವ್ವ ಮೂಲೆ ಹಿಡೀತಾಳೆ, ಊಟ ಬಿಡ್ತಾಳೆ ಅಂತ ಮಕ್ಕಳು ಹೆದರಿದ್ದರು. ಸಂಜೆ ಬಂದು ನೋಡಿದ್ರೆ ಅವಳಾಗಲೇ ಸೆರಗು ಸಿಕ್ಕಿಸ್ಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಎಷ್ಟೊತ್ತು ಮಾಡ್ತೀರೋ, ಕೈ ಹಿಡೀರಿ ಅಂತ. ಕರ್ಕೊಂಡು ಬಂದು ಕಟ್ಟೆ ಮೇಲೆ ಕೂರಿಸಿದರು. ಕಣ್ಣು ಮುಚ್ಕೊಂಡು ಮುಖ ಮೇಲೆತ್ತಿ ಕೂತಳು. ಊರೋರಿಗೆ ಸಂಕಟ, ಪಾಪ ಏನು ಕಾಣುತ್ತೆ ಇವಳಿಗೆ ಅಂತ. ಇದ್ದಕ್ಕಿದ್ದ ಹಾಗೆ ತಿಪ್ಪಕ್ಕ, ಎದ್ವು! ಅಂದಳು. ಎಲ್ಲಾರೂ ತಲೆ ಎತ್ತಿದರು, ಏನೂ ಇಲ್ಲ, ಬರೀ ಆಕಾಶ. ಒಬ್ಬರ ಮುಖ ಒಬ್ಬರು ನೋಡ್ಕೊಂಡರು. ಅಷ್ಟರಲ್ಲಿ ಫಟ್ ಅಂತ ಮೊದಲನೆಯದು ಎಲೆ ಸರಿಸಿ ಹೊರಗೆ ಬಂತು! ಊರಿಗೆಲ್ಲಾ ಕಾಣೋ ಮುಂಚೆ ಅವಳಿಗೆ ಗೊತ್ತಾಗಿತ್ತು, ಕೊಂಬೆ ಬಿಟ್ಟ ಸದ್ದೋ, ಗಾಳಿಯೋ, ಏನೋ, ಅವಳೇ ಹೇಳಬೇಕು. ಮಾರನೇ ದಿನವೂ ಹಂಗೇ, ಅದರ ಮಾರನೇ ದಿನವೂ ಹಂಗೇ. ಮೊದಮೊದಲು ಜನ ನಿಜವೋ ಸುಳ್ಳೋ ಅಂತ ಮೇಲೆ ನೋಡ್ತಿದ್ದರಂತೆ. ಆಮೇಲಾಮೇಲೆ ಸಂಜೆ ಆಯ್ತು ಅಂದ್ರೆ ಪೇಟೆಯವರು ಮೊದಲು ಮರ ನೋಡ್ತಿರಲಿಲ್ಲ, ತಿಪ್ಪಕ್ಕನ ಮುಖ ನೋಡ್ತಿದ್ದರು. ಅದು ಅರಳಿದ ಮೇಲೆ ಆಕಾಶ ನೋಡ್ತಿದ್ದರು, ಎಲ್ಲಾ ಹೋದ ಮೇಲೆ ಅವಳು ಹಚ್ರಪ್ಪಾ ಅಂದ್ರೆ ಮನೆಮನೆಯಲ್ಲೂ ದೀಪ ಹಚ್ತಿದ್ದರು. ಅವಳು ಇ‌ರೋವರೆಗೂ ಹಂಗೇ ನಡೀತಂತೆ, ಒಂದು ಸಲವೂ ತಪ್ಪಲಿಲ್ಲವಂತೆ.

ಅಲ್ಲಿಗೆ ಅವರು ಅಲ್ಲಿ ಸುಖವಾಗಿದ್ದರು, ನಮ್ಮ ಕತೆಯೂ ಅವರ ಮನೆಯಲ್ಲೇ ಉಳ್ಕೊಂಡಿತು. ಇನ್ನು ಮಾತಿಲ್ಲ, ಮಲಗು ನನ್ನ ಕೂಸೇ.